ಸಿಸ್ಟಮ್ ಆನ್ ಆಗ್ತಿಲ್ಲ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ತಾಲ್ಲೂಕಿಗೆ ಹೋದರೂ ಪಹಣಿಗೆಂದೋ ಜಾತಿ ಪ್ರಮಾಣಪತ್ರಕ್ಕೆಂದೋ ಸಾಲು ನಿಂತವರ ಕಿವಿಗೆ ಬೀಳುವ ಮಾತು ಎರಡು. ಒಂದು ‘ಸರ್ವರ್ ಇಲ್ಲ’, ಇನ್ನೊಂದು ‘ಸಿಸ್ಟಮ್ ಆನ್ ಆಗ್ತಿಲ್ಲ’. ಮೊದಲನೆಯದಕ್ಕೆ ಕಾರಣ ಎಲ್ಲೋ ದೂರದಲ್ಲಿರಬಹುದು, ಕಾಯದೆ ವಿಧಿಯಿಲ್ಲ. ಎರಡನೆಯದರ ಕಾರಣ ಬಹುಪಾಲು ಅದೇ ಕೋಣೆಯಲ್ಲಿ, ಗೋಡೆಯ ಸಾಕೆಟ್ಟಿಗೂ ಮೇಜಿನ ಕೆಳಗಿನ ಡಬ್ಬಕ್ಕೂ ನಡುವಿನ ನಾಲ್ಕಾರು ಅಡಿಯಲ್ಲಿ ಕೂತಿರುತ್ತದೆ. ‘ಭೂಮಿ’ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಯ ಮಾನ್ಯತೆ ಅಲ್ಲಿಗೆ ಮುಗಿಯಿತು. ಅಂದಿನಿಂದ ಆ ಡಬ್ಬ ಹೊತ್ತಿಕೊಳ್ಳದಿದ್ದರೆ ಬ್ಯಾಂಕಿನ ಸಾಲದ ಕಾಗದವೂ ನಿಲ್ಲುತ್ತದೆ, ಬಸ್ ಚಾರ್ಜು ಕೊಟ್ಟು ಬಂದವರ ಒಂದು ದಿನದ ಕೂಲಿಯೂ ಹೋಗುತ್ತದೆ. ಆದ್ದರಿಂದ ಅದನ್ನು ‘ಸತ್ತುಹೋಗಿದೆ’ ಎಂದು ಷರಾ ಬರೆಯುವ ಮೊದಲು ಹೊರಗಿನಿಂದ ಒಳಕ್ಕೆ, ಕ್ರಮ ತಪ್ಪದೆ ನೋಡುವುದು ಅದರ ಮುಂದೆ ಕೂತವರ ಹೊಣೆ ಎಂಬುದು ನನ್ನ ವಾದ.

ಕ್ರಮ ಯಾಕೆ ಮುಖ್ಯ ಎನ್ನುವುದಕ್ಕೆ ಕಂಪ್ಯೂಟರಿನ ಪವರ್ ಗುಂಡಿಯ ಸ್ವಭಾವವನ್ನೇ ನೋಡಬೇಕು. ಬಲ್ಬಿನ ಸ್ವಿಚ್ಚು ಒತ್ತಿದರೆ ಕರೆಂಟು ನೇರವಾಗಿ ಹರಿಯುತ್ತದೆ. ಕಂಪ್ಯೂಟರಿನ ಗುಂಡಿ ಒತ್ತುವುದೆಂದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ ಹಾಗೆ. ಅದು ಮೇಜಿನಿಂದ ಮೇಜಿಗೆ ಹೋಗಬೇಕು. ಪ್ಲಗ್ ಹಾಕಿದ ಕೂಡಲೇ ಒಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, 5 ವೋಲ್ಟಿನ ಸಣ್ಣ ಕರೆಂಟನ್ನು ಮದರ್‌ಬೋರ್ಡಿಗೆ ಕೊಟ್ಟು ಕಾಯುತ್ತಿರುತ್ತದೆ. ಗುಂಡಿ ಒತ್ತಿದಾಗ ಎರಡು ಪಿನ್ನುಗಳು ಒಂದು ಕ್ಷಣ ಕೂಡುತ್ತವೆ, ಅಷ್ಟೆ. ಅದನ್ನು ಕಂಡ ಮದರ್‌ಬೋರ್ಡು ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ಹೇಳಿ ಕಳಿಸುತ್ತದೆ. ಅದು 12, 5, 3.3 ವೋಲ್ಟುಗಳನ್ನು ಹೊರಡಿಸಿ, ಎಲ್ಲ ಸರಿಯಾಗಿದೆ ಎಂದು ಮರುಸುದ್ದಿ ಕೊಟ್ಟ ಮೇಲೆಯೇ ಪ್ರೊಸೆಸರು ಏಳುವುದು. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವುದು ಒಂದೇ, ಕತ್ತಲೆ. ಕತ್ತಲೆ ನೋಡಿ ಮದರ್‌ಬೋರ್ಡೇ ಹೋಯಿತು ಎನ್ನುವುದು, ಜ್ವರ ಬಂದವರಿಗೆಲ್ಲ ಒಂದೇ ರೋಗ ಎಂದ ಹಾಗಾಗುತ್ತದೆ.

ಎಲ್ಲರೂ ಎಡವುವ ಜಾಗ ಮೊದಲ ಮೆಟ್ಟಿಲೇ. ‘ಕರೆಂಟು ಇದೆ, ಟೆಸ್ಟರ್ ಉರೀತಿದೆ’ ಎನ್ನುತ್ತಾರೆ. ನ್ಯೂಟ್ರಲ್ ತಂತಿ ಕಡಿದಿದ್ದರೂ ಟೆಸ್ಟರ್ ಉರಿಯುತ್ತದೆ. ವೋಲ್ಟೇಜು ತೀರ ಇಳಿದಿದ್ದರೂ ಉರಿಯುತ್ತದೆ. ‘ಮೊಬೈಲ್ ಚಾರ್ಜ್ ಆಗ್ತಿದೆಯಲ್ಲ’ ಎನ್ನುವುದೂ ಪೂರ್ತಿ ಸಾಕ್ಷಿಯಲ್ಲ. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ, ಅಂದರೆ 140ರಲ್ಲೂ ಅದು ಕೆಲಸ ಮಾಡೀತು. ಹಳೆಯ ಎಸ್‌ಎಂಪಿಎಸ್‌ಗಳು ಹಲವು 200ಕ್ಕಿಂತ ಕೆಳಗಿನದನ್ನು ಒಪ್ಪುವಂತೆ ಮಾಡಿದವಲ್ಲ. ಬರಬೇಕಾದ 230 ವೋಲ್ಟ್, ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಯ ಲೈನಿನ ಕೊನೆಯಲ್ಲಿ ಅಷ್ಟೇ ಉಳಿದಿರುತ್ತದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುವುದು. ಆಮೇಲೆ ಯುಪಿಎಸ್. ಅದರೊಳಗಿನ ಸೀಸದ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಬ್ಯಾಟರಿ ಸೊರಗಿದ ಯುಪಿಎಸ್ ಕೆಲವೊಮ್ಮೆ ಲೈನ್ ಇದ್ದರೂ ಮುಂದಕ್ಕೆ ಬಿಡುವುದಿಲ್ಲ. ಅದನ್ನು ದಾಟಿಸಿ ನೇರ ಗೋಡೆಗೆ ಚುಚ್ಚಿ ನೋಡಿ. ಸಡಿಲವಾದ ಎಕ್ಸ್‌ಟೆನ್ಶನ್ ಬೋರ್ಡು, ಅರ್ಧ ಕಳಚಿದ ಪವರ್ ಕೇಬಲ್ಲು, ಕಸ ಗುಡಿಸುವಾಗ ಕೈತಾಗಿ ಆಫ್ ಆದ ಹಿಂಬದಿಯ ಸಣ್ಣ ಸ್ವಿಚ್ಚು, ಇವನ್ನೆಲ್ಲ ಕಣ್ಣೇ ಹೇಳುತ್ತದೆ. ಮುಂಗಾರು ಪೂರ್ವದ ಗುಡುಗು ಮಳೆಯ ಮರುದಿನವಾದರೆ ಪ್ಲಗ್ ಕಿತ್ತು, ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿದು, ಮತ್ತೆ ಹಾಕಿ. ಏರಿಳಿತಕ್ಕೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡ ಎಸ್‌ಎಂಪಿಎಸ್ ಎಷ್ಟೋ ಸಲ ಇಷ್ಟಕ್ಕೇ ಬಿಡುಗಡೆಯಾಗುತ್ತದೆ.

ಇದು ಮೆಕ್ಯಾನಿಕ್ಕಿನ ಕೆಲಸ, ನಮಗೇಕೆ ಎನ್ನುವ ಆಕ್ಷೇಪ ನ್ಯಾಯವಾದದ್ದೇ. ಆದರೆ ಪಿರಿಯಾಪಟ್ಟಣದಿಂದ ಮೈಸೂರಿಗೆ ಬಸ್ಸಿನಲ್ಲಿ ಡಬ್ಬ ಹೊತ್ತು ಹೋಗಿ, ಅಲ್ಲಿ ಗುಂಡಿ ಒತ್ತಿದೊಡನೆ ಅದು ಎದ್ದು ಕೂತರೆ ತಪ್ಪು ಊರಿನ ಸಾಕೆಟ್ಟಿನದೇ ಹೊರತು ಡಬ್ಬದ್ದಲ್ಲ. ಇಷ್ಟು ನೋಡಿಕೊಂಡು ಹೋದವರು ಮೆಕ್ಯಾನಿಕ್ಕಿಗೆ ‘ಫ್ಯಾನ್ ಒಂದು ಸುತ್ತು ಸುತ್ತಿ ನಿಲ್ಲುತ್ತದೆ’ ಎಂದು ಹೇಳಬಲ್ಲರು. ಆ ಒಂದು ಮಾತಿನಿಂದ ಅವರ ಹುಡುಕಾಟ ಅರ್ಧ ಮುಗಿಯುತ್ತದೆ. ಇದರಲ್ಲಿ ಅಪಾಯವಿದೆ ಎನ್ನುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಅದಕ್ಕೆ ನಾನು ತಲೆಬಾಗುತ್ತೇನೆ. ಪ್ಲಗ್ ಕಿತ್ತ ಮೇಲೆ ಕ್ಯಾಬಿನೆಟ್ಟಿನ ಬದಿ ತೆಗೆದು ಕನೆಕ್ಟರು ಒತ್ತುವುದು, ರ‍್ಯಾಮ್ ತೆಗೆದು ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ ಕೂರಿಸುವುದು, ಅಲ್ಲಿಗೆ ನಮ್ಮ ಗಡಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬಾರದು. ಒಳಗೆ 230 ವೋಲ್ಟ್ ಸುಮಾರು 325 ವೋಲ್ಟಿನ ಡಿಸಿಯಾಗಿ ಕೆಪಾಸಿಟರಿನಲ್ಲಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದು ಕೆಟ್ಟಿದ್ದರೆ ಇಡಿಯಾಗಿ ಬದಲಿಸಬೇಕು, ಹಾಗೆ ಬದಲಿಸುವುದು ಹೊಸ ಕಂಪ್ಯೂಟರು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ಹಳೆಯದನ್ನು ಗುಜರಿಗೆ ಹಾಕಿ ಹೊಸದು ತನ್ನಿ ಎನ್ನುವವರಿಗೂ ಒಂದು ಮಾತು. ಕಚೇರಿಯ ಹಾಗೆಯೇ ಡಿಟಿಪಿ ಅಂಗಡಿಯಲ್ಲೂ ಇಂಥ ಹಳೆಯ ಯಂತ್ರವಿರುತ್ತದೆ, ಅದರಲ್ಲಿ ಊರಿನ ಲಗ್ನಪತ್ರಿಕೆ, ಸಂಘದ ಲೆಕ್ಕ, ಶಾಲೆಯ ಸ್ಮರಣ ಸಂಚಿಕೆ ಎಲ್ಲ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಇರುತ್ತವೆ. ಕರೆಂಟು ಒಳಗೆ ಬರದಿದ್ದ ಮಾತ್ರಕ್ಕೆ ಹಾರ್ಡ್‌ಡಿಸ್ಕಿನಲ್ಲಿದ್ದದ್ದು ಅಳಿಸಿಹೋಗುವುದಿಲ್ಲ. ಯಂತ್ರವನ್ನು ಗುಜರಿಗೆ ಕೊಡಲೇಬೇಕಾಗಿ ಬಂದರೆ, ದಯವಿಟ್ಟು ಆ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳಿ.