ಒಂಥರಾ...

ನಿಮಗೆ ಈ ರೋಗ ಇದೆಯೋ ಇಲ್ಲವೋ ಗೊತ್ತಿಲ್ಲ, ನನಗಂತೂ ಇದೆ. ಎದುರಿಗಿರುವವರು ಏನು ಹೇಳ್ತಿದ್ದಾರೆ ಅನ್ನೋದನ್ನು ಬಿಟ್ಟು ಹೇಗೆ ಹೇಳ್ತಿದ್ದಾರೆ ಅನ್ನೋದರ ಮೇಲೇ ನನ್ನ ಕಿವಿ ಹೋಗುತ್ತೆ. ಹೋದಮೇಲೆ ಸುಮ್ಮನಿರುತ್ತಾ? ಕಿರಿಕಿರಿ ಶುರು.

'ಅಂತ ಹೇಳ್ಬಿಟ್ಟು' ತಗೊಳ್ಳಿ. ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ. ಒಳ್ಳೆಯ ಮನುಷ್ಯ, ಕಷ್ಟಕ್ಕೆ ಆಗುವವರು. ಆದರೆ ಬಾಯಿ ತೆರೆದರೆ, "ಊಟ ಮಾಡೋಣ ಅಂತ ಹೇಳ್ಬಿಟ್ಟು ಕೆಳಗೆ ಹೋದೆ, ಮಳೆ ಬರ್ತಿದೆ ಅಂತ ಹೇಳ್ಬಿಟ್ಟು ವಾಪಸ್ ಬಂದೆ." ಅಲ್ಲಾ ಸ್ವಾಮಿ, ಯಾರಿಗೆ ಹೇಳಿದಿರಿ? 'ಅಂತ' ಅನ್ನೋದು 'ಎನ್ನು' ಅನ್ನೋ ಧಾತುವಿನಿಂದಲೇ ಬಂದದ್ದು. ಅಂದಮೇಲೆ ಹೇಳಿದ್ದಾಯ್ತಲ್ಲ! ಅದಕ್ಕೆ ಮತ್ತೊಂದು 'ಹೇಳಿ' ಯಾಕೆ, ಆ ಹೇಳಿಯ ಬಾಲಕ್ಕೊಂದು 'ಬಿಟ್ಟು' ಯಾಕೆ? ಟೀವಿಯಲ್ಲಿ ಸ್ಥಳದಿಂದ ವರದಿ ಮಾಡುವವರಂತೂ "ಏನಪ್ಪಾ ಅಂತಂದ್ರೆ" ಅಂತ ಶುರು ಮಾಡಿ ಇದನ್ನು ಹೊಲಿಗೆ ಹಾಕುತ್ತಾ ಹೋಗ್ತಾರೆ. ಕೊನೆಗೆ ಸುದ್ದಿ ಏನು ಅನ್ನೋದು ಕೆಳಗೆ ಓಡುವ ಪಟ್ಟಿ ನೋಡಿದರೇ ಗೊತ್ತಾಗೋದು.

ಬರವಣಿಗೆಯೂ ಏನು ಕಮ್ಮಿ ಇಲ್ಲ. ಮದುವೆ ಕಾಗದ ತೆಗೆದು ನೋಡಿ, 'ಸಕುಟುಂಬ ಸಪರಿವಾರ ಸಮೇತರಾಗಿ' ಬರಬೇಕಂತೆ. ಮೊದಲ 'ಸ' ಅಂದರೂ ಜೊತೆಗೆ, ಎರಡನೇ 'ಸ' ಅಂದರೂ ಜೊತೆಗೆ, 'ಸಮೇತ' ಅಂದರೂ ಜೊತೆಗೆ. ಇಷ್ಟು ಜನರನ್ನು ಜೊತೆಗೆ ಕರೆದುಕೊಂಡು ಹೋದರೆ ಎಲೆ ಸಾಲುತ್ತಾ? :)

ಪೇಪರಿನಲ್ಲಿ ಮಳೆಗಾಲ ಬಂತೆಂದರೆ 'ಮಳೆ ಅವಾಂತರ'. ಸಂಸ್ಕೃತದಲ್ಲಿ ಅವಾಂತರ ಅಂದರೆ ನಡುವಿನದು, ಒಳಗೆ ಸೇರಿದ್ದು. ನಮ್ಮಲ್ಲಿ ಮರ ಉರುಳಿ ಕಾರಿನ ಮೇಲೆ ಬಿದ್ದರೆ ಅವಾಂತರ. 'ಅನಾಹುತ'ದ ಕಥೆಯೂ ಅಷ್ಟೇ, ಮೂಲದಲ್ಲಿ ಅದು ಕರೆಯದೆ ಬಂದದ್ದು. ಇದರ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ. ಆಪತ್ತು ಯಾವತ್ತು ಕರೆದಮೇಲೆ ಬಂದಿದೆ? ಇನ್ನು 'ಶಿಕ್ಷೆ'. ಹಿಂದಿಯವರಿಗೆ ಅದು ಈಗಲೂ ವಿದ್ಯೆ ಕಲಿಸೋದು. ಕನ್ನಡದಲ್ಲಿ ಅದು ದಂಡನೆ ಆಗಿದ್ದು ಹೇಗೆ ಅಂತ ನಮ್ಮ ಗಣಿತದ ಮೇಷ್ಟ್ರನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ರೋಗ ನನಗೆ ಬಂದದ್ದು ಅಪ್ಪನಿಂದ. ತಿಪಟೂರಿನಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಬರುತ್ತಿದ್ದ ಕಾಲದಲ್ಲಿ ಅದನ್ನು ಕತ್ತರಿಸಿ, ಮೈದಾ ಅಂಟು ಹಚ್ಚಿ ಹಳೇ ಡೈರಿಗೆ ಅಂಟಿಸ್ತಿದ್ರು. ನಾವು ಪೇಪರ್ ಓದಬೇಕಾದರೆ ಕಿಟಕಿ ಬಿದ್ದ ಹಾಳೆಯಲ್ಲೇ ಓದಬೇಕು. 2021ರಲ್ಲಿ ಜೀವಿ 107 ವರ್ಷ ಬಾಳಿ ಹೋದರು ಅಂತ ಸುದ್ದಿ ಬಂದ ದಿನ ಆ ಡೈರಿ ತೆಗೆದುಕೊಂಡು ಜಗಲಿಯಲ್ಲಿ ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಅಪ್ಪನಿಗೆ ಎಲ್ಲಕ್ಕಿಂತ ಆಗದೇ ಇದ್ದ ಮಾತು 'ಒಂಥರಾ'. ಚಿಕ್ಕವನಿದ್ದಾಗ ಹೊಸ ಮೇಷ್ಟ್ರು ಹೇಗಿದ್ದಾರೋ ಅಂದರೆ ನಾನು "ಒಂಥರಾ" ಅಂತಿದ್ದೆ. ಹಲಸಿನ ಹಣ್ಣು ಹೇಗಿದೆ? ಒಂಥರಾ. "ಒಂಥರಾ ಅಂದ್ರೆ ಯಾವ ಥರ? ಸಿಹಿಯೋ, ಸಪ್ಪೆಯೋ, ಹುಳಿ ಬಂದಿದೆಯೋ? ಭಾಷೆಯಲ್ಲಿ ಇಷ್ಟೊಂದು ಪದ ಇಟ್ಟಿರೋದು ಯಾಕೆ, ಉಪ್ಪಿನಕಾಯಿ ಹಾಕೋಕಾ?" ಅಂತ ಗದರುತ್ತಿದ್ದರು. ಸರಿಯಾದ ಪದ ಸಿಗೋವರೆಗೂ ಬಿಡ್ತಿರಲಿಲ್ಲ. ಮುಂದೆ ನಾನೂ ಹಾಗೇ ಆದೆ. ಮಗಳು ಒಂಥರಾ ಅಂದರೆ ಅದೇ ಪ್ರಶ್ನೆ, ಅದೇ ದನಿ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಬೆಳಗ್ಗೆ ತಿಂಡಿಯಾದ ಮೇಲೆ ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದರು. ಯಾಕೆ ಸಪ್ಪಗಿದ್ದೀರಿ ಅಂದೆ.

"ಏನೋ... ಒಂಥರಾ ಆಗ್ತಿದೆ ಕಣೋ."

ನಲವತ್ತು ವರ್ಷದಿಂದ ಕಾಯ್ತಿದ್ದವನ ಹಾಗೆ ಹೇಳಿದೆ, "ಒಂಥರಾ ಅಂದ್ರೆ ಯಾವ ಥರ, ಮೇಷ್ಟ್ರೇ?"

ಅಪ್ಪ ನಕ್ಕರು. ಮಗಳೂ ನಕ್ಕಳು. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ನಾನು ಹೂವು ತರೋಕೆ ಪೇಟೆಗೆ ಹೋದೆ, ಅಲ್ಲೊಬ್ಬ ಹಳೇ ಸ್ನೇಹಿತ ಸಿಕ್ಕಿದ, ಕಾಫಿ ಕುಡಿದ್ವಿ. ವಾಪಸ್ ಬರುವಷ್ಟರಲ್ಲಿ ಎರಡು ಗಂಟೆ ಆಗಿತ್ತು. ಅಪ್ಪನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು, ಮುಖ ಬೂದಿ ಬಣ್ಣ.

ಊರಿನಲ್ಲೇ ಇಸಿಜಿ ತೆಗೆದವರು ತಡ ಮಾಡದೆ ತುಮಕೂರಿಗೆ ಹೋಗಿ ಅಂದರು. ಅಲ್ಲಿ ಡಾಕ್ಟರು, ನನಗಿಂತ ಚಿಕ್ಕ ಹುಡುಗಿ, ಅಪ್ಪನನ್ನು ಕೇಳಿದಳು. ನೋವು ಚುಚ್ಚಿದ ಹಾಗಿದೆಯಾ, ಹಿಂಡಿದ ಹಾಗಾ, ಉರಿಯಾ? ಅಪ್ಪ ಪದ ಹುಡುಕುತ್ತಿದ್ದುದು ಕಾಣ್ತಿತ್ತು. ತುಟಿ ಅಲ್ಲಾಡಿತು. ಕೊನೆಗೆ, "ನೋವಲ್ಲಮ್ಮ. ಒಂಥರಾ" ಅಂದರು. ಆಕೆ ಯಾವ ಥರ ಅಂತ ಕೇಳಲಿಲ್ಲ. ತಲೆಯಾಡಿಸಿ ಬರೆದುಕೊಂಡಳು.

ಸ್ಟೆಂಟ್ ಹಾಕಿದ ಮೇಲೆ ನನ್ನನ್ನು ಕರೆದು ಕೂರಿಸಿ ಹೇಳಿದಳು. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ನರಗಳು ಸೋತಿರುತ್ತವೆ, ಹೃದಯಾಘಾತದ ನೋವು ಎಲ್ಲರಿಗೂ ಸಿನಿಮಾದಲ್ಲಿ ಎದೆ ಹಿಡಿದುಕೊಳ್ಳುವ ಹಾಗೆ ಬರೋದಿಲ್ಲ. ಬೆವರು, ಸುಸ್ತು, ಹೊಟ್ಟೆ ತೊಳಸು, ಇಷ್ಟೇ ಇರಬಹುದು. "ನಮ್ಮ ಕಡೆಯ ವಯಸ್ಸಾದವರು ಒಂಥರಾ ಅಂದರೆ ನಾನು ಮೊದಲು ಇಸಿಜಿ ಮಾಡಿಸ್ತೀನಿ. ಎಷ್ಟು ಹೊತ್ತಿಗೆ ಶುರುವಾಯ್ತು ಅಂದ್ರಿ?"

ಒಂಬತ್ತು ಗಂಟೆಗೆ ಅಂದೆ. ಆಸ್ಪತ್ರೆಗೆ ಬಂದದ್ದು ಒಂದು ಗಂಟೆಗೆ. ಆಕೆ ಏನೂ ಅನ್ನಲಿಲ್ಲ. ಹೂವು ತರೋಕೆ ಹೋಗಿದ್ದೆ ಅಂತ ಯಾರಿಗೂ ಹೇಳಲಿಲ್ಲ ನಾನು, ಇವತ್ತೇ ಬರೆದದ್ದು.

ಅಪ್ಪ ಈಗ ಚೆನ್ನಾಗಿದ್ದಾರೆ. ಸ್ವಲ್ಪ ನಡೆದರೆ ಏದುಸಿರು ಬರುತ್ತೆ, ಹೃದಯದ ಒಂದು ಭಾಗ ಮೊದಲಿನ ಹಾಗೆ ಬಡಿಯೋದಿಲ್ಲವಂತೆ. ಡಿಸ್ಚಾರ್ಜ್ ಚೀಟಿಯಲ್ಲಿದ್ದ ಕನ್ನಡ ಸೂಚನೆಗಳಲ್ಲಿ ಮೂರು ತಪ್ಪು ಹುಡುಕಿ ಪೆನ್ನಿನಲ್ಲಿ ತಿದ್ದಿಟ್ಟಿದ್ದಾರೆ.

ದಿನಾ ರಾತ್ರಿ ಫೋನ್ ಮಾಡ್ತೀನಿ. ಹೇಗಿದ್ದೀರಿ ಅಂದರೆ ಒಮ್ಮೊಮ್ಮೆ ಬೇಕಂತಲೇ "ಒಂಥರಾ" ಅಂದು ಸುಮ್ಮನಾಗ್ತಾರೆ. ಆ ಕಡೆ ಅಮ್ಮ "ಮಗೂನ ಯಾಕ್ರೀ ಹೆದರಿಸ್ತೀರಿ" ಅಂತ ಬಯ್ಯೋದು ಕೇಳಿಸೋವರೆಗೆ ನಾನು ಉಸಿರು ಹಿಡಿದುಕೊಂಡು ನಿಂತಿರ್ತೀನಿ.