ನಮ್ಮ ಮನೆಯ ನೀರಿನ ಗಂಟೆ

ಮನೆಯ ಮೇಲಣ ಟ್ಯಾಂಕು ತುಂಬಿ ಹೊರಚೆಲ್ಲುವ ಸದ್ದನ್ನು ಕೇಳದ ಗೃಹಸ್ಥರು ಬೆಂಗಳೂರಿನಲ್ಲಿ ಇರಲಾರರು. ನೆಲದೊಳಗಿನ ಸಂಪಿನಿಂದ ಮೋಟಾರು ನೀರನ್ನು ಮೇಲಕ್ಕೆತ್ತುವುದು. ಟ್ಯಾಂಕು ತುಂಬಿದ ಮೇಲೆ ಹೆಚ್ಚಾದ ನೀರು ಪಕ್ಕದ ಕೊಳವೆಯಿಂದ ಧೋ ಎಂದು ಗೋಡೆಗುಂಟ ಇಳಿಯುವುದು. ಒಡನೆಯೇ ಒಳಗಿನಿಂದ “ಮೋಟಾರು ಆಫ್ ಮಾಡಿ” ಎಂಬ ಕೂಗು ಏಳುವುದು. ನಮ್ಮ ಮನೆಯಲ್ಲಿ ಈ ಸದ್ದಿಗೆ ಕಿವಿಗೊಟ್ಟಿರುವ ಕೆಲಸವು ಬಹುಕಾಲದಿಂದ ನಮ್ಮ ತಾಯಿಯವರ ಪಾಲಿಗೆ ಬಂದಿದ್ದಿತು. ಯಾರೂ ಅದನ್ನು ಅವರಿಗೆ ವಹಿಸಿದುದಿಲ್ಲ. ನಾವು ಕಚೇರಿಗೂ, ಮನೆಯಾಕೆ ತಾನು ಪಾಠ ಹೇಳುವ ಶಾಲೆಗೂ, ಮಗಳು ತಾನು ಓದುವ ಶಾಲೆಗೂ ಹೊರಡುವ ಗಡಿಬಿಡಿಯಲ್ಲಿ ಮೋಟಾರು ಹಾಕುವವರು ಯಾರೇ ಆಗಲಿ, ಆಫ್ ಮಾಡುವವರು ಮಾತ್ರ ಅವರೇ ಆಗಿದ್ದರು.

2024ನೆಯ ಇಸವಿಯ ಮಾರ್ಚಿ ತಿಂಗಳನ್ನು ನಮ್ಮ ಊರಿನವರು ಬೇಗನೆ ಮರೆಯರು. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದಿತು. ಕೊಳವೆ ಬಾವಿಗಳು ಬತ್ತಿದ್ದವು. ಕುಡಿಯುವ ನೀರಿನಿಂದ ಕಾರು ತೊಳೆದವರಿಗೂ ತೋಟಕ್ಕೆ ನೀರು ಬಿಟ್ಟವರಿಗೂ 5000 ರೂಪಾಯಿ ದಂಡವೆಂದು ಜಲಮಂಡಲಿಯು ಸಾರಿದ್ದಿತು. ಅಂತಹ ದಿನಗಳಲ್ಲಿ, ಒಂದೇ ವಾರದೊಳಗೆ ಎರಡು ಸಲ, ಹಣಕೊಟ್ಟು ತರಿಸಿದ ಟ್ಯಾಂಕರಿನ ನೀರು ನಮ್ಮ ಗೋಡೆಯಿಂದಿಳಿದು ಬೀದಿಯ ಮೋರಿಗೆ ಹರಿಯಿತು. ಎರಡನೆಯ ಸಲ ಎದುರಿನ ವಠಾರದ ಹೆಂಗಸರು ಖಾಲಿ ಕೊಡಗಳನ್ನು ಹಿಡಿದುಕೊಂಡು ಅದನ್ನು ನೋಡುತ್ತ ನಿಂತಿದ್ದರು. ಆ ಲಜ್ಜೆಯಲ್ಲಿ ಒಳಕ್ಕೆ ಬಂದ ನಾವು ತಾಯಿಯವರನ್ನು ಕುರಿತು, “ಇಷ್ಟನ್ನು ನೋಡಿಕೊಳ್ಳುವುದಕ್ಕೂ ಆಗದೇ ಹೋಯಿತೇ?” ಎಂದುಬಿಟ್ಟೆವು. ಅವರು ಏನೂ ಹೇಳಲಿಲ್ಲ. ಮಾರನೆಯ ದಿನದಿಂದ ಮೋಟಾರು ಹಾಕಿದಷ್ಟು ಹೊತ್ತೂ ಹಿತ್ತಲ ಮೆಟ್ಟಿಲ ಮೇಲೆ, ಕೊಳವೆಯ ಬಾಯಿಯನ್ನೇ ನೋಡುತ್ತ, ಜಪಮಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಿರಲು ಪ್ರಾರಂಭಿಸಿದರು. ವಯಸ್ಸು 76. ಬಿಸಿಲು ಮಾರ್ಚಿಯ ಬಿಸಿಲು.

ಎಂಟನೆಯ ತರಗತಿಯಲ್ಲಿದ್ದ ನಮ್ಮ ಮಗಳಿಗೆ ಅವಳ ಸೋದರಮಾವನು ಮೈಕ್ರೋಬಿಟ್ ಎಂಬುದೊಂದನ್ನು ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದನು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲವಾದ ಬಿಲ್ಲೆ. ಮುಖದ ಮೇಲೆ 25 ಕೆಂಪು ಚುಕ್ಕೆದೀಪಗಳು. ಅಂಚಿನಲ್ಲಿ ತಂತಿ ಸಿಕ್ಕಿಸುವುದಕ್ಕೆ ರಂಧ್ರಗಳು. 2016ರಲ್ಲಿ ಬಿಬಿಸಿಯವರು ಬ್ರಿಟನ್ನಿನ ಮಕ್ಕಳಿಗೆ ಇಂತಹ ಸುಮಾರು ಹತ್ತು ಲಕ್ಷ ಬಿಲ್ಲೆಗಳನ್ನು ಉಚಿತವಾಗಿ ಹಂಚಿದರು. ನಮ್ಮ ಮನೆಗೆ ಬಂದುದು 2020ರಲ್ಲಿ ಹೊರಬಂದ ಎರಡನೆಯ ಮಾದರಿ. ಅದರಲ್ಲಿ ಪುಟ್ಟದೊಂದು ಸ್ಪೀಕರೂ ಅಡಗಿದೆ. “ಅಪ್ಪಾ, ಟ್ಯಾಂಕು ತುಂಬಿದರೆ ಅಡಿಗೆಮನೆಯಲ್ಲಿ ಗಂಟೆ ಹೊಡೆಯುವ ಹಾಗೆ ಇದನ್ನು ಮಾಡಬಹುದು. ಅಜ್ಜಿ ಬಿಸಿಲಿನಲ್ಲಿ ಕೂರಬೇಕಾಗಿಲ್ಲ” ಎಂದು ಮಗಳು ಹೇಳಿದಳು. ನಮಗೆ ನಂಬಿಕೆಯಿರಲಿಲ್ಲ, ಆದರೂ ತಾಯಿಯವರ ಮುಖವನ್ನು ನೋಡಿ ಒಪ್ಪಿದೆವು.

ಈ ಬಿಲ್ಲೆಗೆ ಅಪ್ಪಣೆ ಕೊಡುವ ರೀತಿಯು ವಾಚಕರಿಗೆ ವಿನೋದವೆನಿಸಬಹುದು. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವುದೆಂದರೆ ಅರ್ಥವಾಗದ ಇಂಗ್ಲಿಷ್ ಸಾಲುಗಳನ್ನು ಬೆರಳಚ್ಚು ಮಾಡುವುದೆಂದು ನಾವು ತಿಳಿದಿದ್ದೆವು. ಇಲ್ಲಿ ಹಾಗಲ್ಲ. ಮೇಕ್‌ಕೋಡ್ ಎಂಬ ತೆರೆಯ ಮೇಲೆ ಬಣ್ಣಬಣ್ಣದ ತುಂಡುಗಳಿರುವುವು. ಒಂದೊಂದು ತುಂಡೂ ಒಂದೊಂದು ಅಪ್ಪಣೆ. ಮಕ್ಕಳು ಮರದ ತುಂಡುಗಳನ್ನು ಜೋಡಿಸುವಂತೆ ಒಂದರ ಕೆಳಗೊಂದನ್ನು ಕೂಡಿಸುತ್ತ ಬಂದರೆ ಆಯಿತು. ಕೂಡಬಾರದ ತುಂಡುಗಳು ಕೂಡುವುದೇ ಇಲ್ಲ. ಅವುಗಳ ಅಂಚಿನ ಆಕಾರವೇ ಬೇರೆ. ಇದರ ವಂಶಾವಳಿ ದೊಡ್ಡದು. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮೊದಲಾದವರು ಮಕ್ಕಳಿಗಾಗಿ ಲೋಗೋ ಎಂಬ ಗಣಕಭಾಷೆಯನ್ನು ರಚಿಸಿದರು, 2007ರಲ್ಲಿ ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್‌ರೂ ಅವರ ಸಂಗಡಿಗರೂ ತುಂಡು ಜೋಡಿಸುವ ಸ್ಕ್ರಾಚನ್ನು ಲೋಕಕ್ಕೆ ಕೊಟ್ಟರು. ಮೇಕ್‌ಕೋಡ್ ಅದೇ ಜಾಡಿನದು. ಪ್ಯಾಪರ್ಟರು 1980ರಲ್ಲಿ ಬರೆದ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಗ್ರಂಥದಲ್ಲಿ ಒಂದು ವಿಚಾರವುಂಟು: ಪ್ರೋಗ್ರಾಮು ಸರಿಯೋ ತಪ್ಪೋ ಎಂದು ಕೇಳುವುದಲ್ಲ, ಅದನ್ನು ತಿದ್ದಬಹುದೇ ಎಂದು ಕೇಳಬೇಕು ಎಂಬುದು. ಎದುರುಮನೆಯ ರಾಯರು ಇದನ್ನು ನಮಗೆ ಹೇಳಿದಾಗ ಸುಮ್ಮನೆ ತಲೆಯಾಡಿಸಿದ್ದೆವು.

ಈ ರಾಯರು ಟೆಲಿಫೋನು ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮೊಗಸಾಲೆಯಲ್ಲಿ ಭಾನುವಾರದ ಬೆಳಿಗ್ಗೆ ಈ ತುಂಡುಗಳ ಹುಚ್ಚಿನವರು ನಾಲ್ಕೈದು ಮಂದಿ ಸೇರುತ್ತಿದ್ದರು: ಪಕ್ಕದ ಬೀದಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, ದರ್ಜಿಯವರ ಮಗ, ನಮ್ಮ ಮಗಳು, ಅವಳ ಹಿಂದೆ ಬಾಲದಂತೆ ನಾವು. ರಾಯರ ಮನೆಯವರು ಕಾಫಿಯ ವಿಷಯದಲ್ಲಿ ಉದಾರಿಗಳೆಂಬುದೂ ನಮ್ಮ ಹಾಜರಿಗೆ ಒಂದು ಕಾರಣ.

ಮೊದಲ ಭಾನುವಾರವು ಒಂದು ಕೇಬಲ್ಲಿಗೆ ಆಹುತಿಯಾಯಿತು. ಬಿಲ್ಲೆಯನ್ನು ಗಣಕಕ್ಕೆ ಸಿಕ್ಕಿಸಿದರೆ ದೀಪವೇನೋ ಉರಿಯುವುದು. ಗಣಕವು ಮಾತ್ರ ಬಿಲ್ಲೆಯ ಗುರುತೇ ಇಲ್ಲವೆನ್ನುವುದು. ಬಿಲ್ಲೆ ಕೆಟ್ಟಿದೆ ಎಂದೆವು, ಗಣಕ ಹಳೆಯದಾಯಿತೆಂದೆವು, ತಂದುಕೊಟ್ಟ ಭಾವಮೈದುನನನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದರ್ಜಿಯವರ ಮಗನು ಬೇರೊಂದು ಕೇಬಲನ್ನು ತಂದು ಸಿಕ್ಕಿಸಿದನು. ಒಡನೆಯೇ ಗುರುತು ಸಿಕ್ಕಿತು. ನಮ್ಮದು ಫೋನಿಗೆ ಚಾರ್ಜು ಮಾಡುವುದಕ್ಕೆಂದೇ ಮಾಡಿದ ಅಗ್ಗದ ಕೇಬಲ್ಲು. ಅದರಲ್ಲಿ ವಿದ್ಯುತ್ತು ಹರಿಯುವ ಎರಡು ತಂತಿಗಳುಂಟು. ಸಮಾಚಾರ ಹರಿಯುವ ತಂತಿಗಳು ಇಲ್ಲವೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ.

ಎರಡನೆಯ ತಪ್ಪು ತುಂಡುಗಳಲ್ಲಿಯೇ ಇದ್ದಿತು. ‘ನೀರು ಮುಟ್ಟಿದರೆ ಗಂಟೆ ಬಾರಿಸು’ ಎಂಬ ತುಂಡನ್ನು ಮಗಳು ಪ್ರಾರಂಭದಲ್ಲಿ ಒಂದೇ ಸಲ ನಡೆಯುವ ಅಪ್ಪಣೆಗಳೊಳಗೆ ಸೇರಿಸಿದ್ದಳು. ಬಿಲ್ಲೆಗೆ ವಿದ್ಯುತ್ತು ಬಂದ ಕ್ಷಣದಲ್ಲಿ ಅದು ಒಮ್ಮೆ ನೋಡುವುದು, ನೀರಿಲ್ಲವೆಂದು ತಿಳಿದು ತನ್ನ ಕರ್ತವ್ಯ ಮುಗಿಯಿತೆಂದು ಸುಮ್ಮನಾಗುವುದು. ಅದನ್ನು ‘ಸದಾ’ ಎಂಬ ನೀಲಿಯ ತುಂಡಿನ ಬಾಯೊಳಗೆ ಇಡಬೇಕು. ಹಾಗೆ ಎತ್ತಿ ಇಡುವಾಗ ಒಂದು ತುಂಡು ಜಾರಿ ಪಕ್ಕದಲ್ಲಿ ಬಿದ್ದು ಬೂದುಬಣ್ಣಕ್ಕೆ ತಿರುಗಿತು. ಯಾವುದಕ್ಕೂ ಅಂಟದ ತುಂಡು ಎಷ್ಟು ಚೆನ್ನಾಗಿ ಬರೆದಿದ್ದರೂ ಕೆಲಸ ಮಾಡದೆಂಬುದಕ್ಕೆ ಅದೇ ಗುರುತು. ನಮ್ಮ ಕಚೇರಿಯಲ್ಲಿಯೂ ಇಂತಹ ಬಣ್ಣದ ವ್ಯವಸ್ಥೆಯಿದ್ದರೆ ಎಷ್ಟೋ ಅನುಕೂಲವಾಗುತ್ತಿದ್ದಿತು.

ಟ್ಯಾಂಕಿನೊಳಗೆ, ನೀರು ತುಂಬುವ ಮಟ್ಟದಲ್ಲಿ, ಮೊದಲು ಎರಡು ತಾಮ್ರದ ತಂತಿಗಳನ್ನು ಇಳಿಬಿಟ್ಟೆವು. ನೀರು ಎರಡನ್ನೂ ಮುಟ್ಟಿದರೆ ಒಂದರಿಂದ ಇನ್ನೊಂದಕ್ಕೆ ಅಲ್ಪ ವಿದ್ಯುತ್ತು ಹರಿಯುವುದು. ಬಿಲ್ಲೆಯು ಅದನ್ನು 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುವುದು. ಕೆಲವು ದಿನಗಳಲ್ಲಿಯೇ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯಿತು. ಆಗ ತಾಯಿಯವರು ಒಳಗಿನಿಂದ ಎರಡು ಸ್ಟೀಲಿನ ಚಮಚಗಳನ್ನು ತಂದುಕೊಟ್ಟರು. ಸದಾ ವಿದ್ಯುತ್ತು ಹರಿಯಬಾರದೆಂದು, ಐದು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹರಿಸಿ ಓದಿ ನಿಲ್ಲಿಸುವಂತೆ ರಾಯರು ತುಂಡುಗಳನ್ನು ತಿದ್ದಿಸಿದರು. ಇಷ್ಟಾದರೂ ಮನೆಯಲ್ಲಿ ಮಿಕ್ಸಿ ಹಾಕಿದಾಗಲೆಲ್ಲ ಗಂಟೆ ಬಾರಿಸುತ್ತಿದ್ದಿತು! ಮಹಡಿಯಿಂದ ಅಡಿಗೆಮನೆಗೆ ಎಳೆದ ಉದ್ದನೆಯ ತಂತಿಯು, ನೀರು ಮುಟ್ಟದಿರುವಾಗ ಎಲ್ಲಿಗೂ ಸೇರದೆ ತೂಗಾಡುತ್ತ, ರೇಡಿಯೋವಿನ ಏರಿಯಲ್ಲಿನಂತೆ ಮನೆಯ ವಿದ್ಯುತ್ತಿನ ಗದ್ದಲವನ್ನೆಲ್ಲ ಹಿಡಿಯುತ್ತಿದ್ದಿತಂತೆ. 10,000 ಓಮಿನ ಒಂದು ರೆಸಿಸ್ಟರಿನ ಮೂಲಕ ಆ ತಂತಿಯನ್ನು ಬಿಲ್ಲೆಯ ಗ್ರೌಂಡಿಗೆ ಸೇರಿಸಿದ ಮೇಲೆ ಸಂಖ್ಯೆಯು ಸೊನ್ನೆಯ ಬಳಿ ಬಂದು ತೆಪ್ಪಗೆ ನಿಂತಿತು. ನೀರು ಮುಟ್ಟಿದಾಗ 700ರ ಹತ್ತಿರ. 600 ದಾಟಿದರೆ ಗಂಟೆ ಬಾರಿಸಲಿ ಎಂದು ಗೊತ್ತುಮಾಡಿದೆವು. ಮೋಟಾರನ್ನೂ ಬಿಲ್ಲೆಯೇ ನಿಲ್ಲಿಸುವಂತೆ ಮಾಡೋಣವೆಂದು ವಿದ್ಯಾರ್ಥಿಯು ಹೇಳಿದನು. 230 ವೋಲ್ಟಿನ ತಂಟೆ ಬೇಡ, ಅದು ಎಲೆಕ್ಟ್ರೀಷಿಯನ್ನರ ಕೆಲಸ ಎಂದು ನಾವು ಖಂಡಿತವಾಗಿ ನಿರಾಕರಿಸಿದೆವು. ಈಗಲೂ ಅದೇ ಅಭಿಪ್ರಾಯ.

ಏಪ್ರಿಲ್, ಮೇ ತಿಂಗಳುಗಳು ಸುಖವಾಗಿ ಕಳೆದವು. ಶಾಲೆಗೆ ರಜೆ. ಗಂಟೆ ಬಾರಿಸಿದೊಡನೆ ಮಗಳು ಓಡಿಹೋಗಿ ಸ್ವಿಚ್ಚು ಒತ್ತುತ್ತಿದ್ದಳು. ತಾಯಿಯವರು ಹಿತ್ತಲ ಮೆಟ್ಟಿಲನ್ನು ಬಿಟ್ಟು ದೇವರ ಮನೆಗೆ ಹಿಂದಿರುಗಿದರು.

ಜೂನಿನಲ್ಲಿ ಮಳೆ ಬಂದಿತು, ಶಾಲೆ ತೆರೆಯಿತು, ಟ್ಯಾಂಕರು ನಿಂತು ಕಾವೇರಿಯ ನೀರು ಮೊದಲಿನಂತೆ ಬರತೊಡಗಿತು. ಒಂದು ಸಂಜೆ ನಾವು ಬಂದಾಗ ಗೋಡೆಯೆಲ್ಲ ಒದ್ದೆ. ತಾಯಿಯವರು ನಡುಮನೆಯ ಬಾಗಿಲಲ್ಲಿ ನಿಂತಿದ್ದರು. “ಗಂಟೆ ಹೊಡೆದಿರಬೇಕಪ್ಪ, ನಾನೇ ಗಮನ ಕೊಡಲಿಲ್ಲ” ಎಂದರು. ನಿಜ ಹೇಳುವುದಾದರೆ ನಾವೂ ಹಾಗೆಯೇ ತಿಳಿದೆವು. ಮುಖದಲ್ಲಿ ಅದು ತೋರಿಯೂ ಇರಬೇಕು. ಮನೆಗಳಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಕೇಳುವ ಮಾತು ‘ಯಾರು?’ ಎಂಬುದಷ್ಟೆ. ಮಗಳು ಮಾತ್ರ ಚೀಲವನ್ನು ಕೆಳಗಿಟ್ಟು, “ಎಲ್ಲಿ ತಪ್ಪಿದೆ ನೋಡೋಣ ಅಜ್ಜಿ” ಎಂದು ಏಣಿಯನ್ನು ಹುಡುಕಿದಳು. ಮೊಗಸಾಲೆಯವರು ಕಲಿಸಿದ ಪ್ರಶ್ನೆಯೇ ಅದು: ಕೇಬಲ್ಲಿನಲ್ಲಿಯೋ, ತುಂಡಿನಲ್ಲಿಯೋ, ತಂತಿಯಲ್ಲಿಯೋ? ಅಲ್ಲಿ ಯಾರೂ ಯಾರನ್ನೂ ಬೈದುದನ್ನು ನಾವು ಕಾಣಲಿಲ್ಲ. ಬೈದರೆ ತಂತಿ ಸರಿಹೋಗುವುದಿಲ್ಲವಲ್ಲ.

ಚಮಚಗಳು ನೀರಿನಲ್ಲಿಯೇ ಇದ್ದವು. ತಂತಿ ಸರಿಯಾಗಿದ್ದಿತು. ಆದರೆ ಬಿಲ್ಲೆಯ ಮೇಲೆ ಓಡಿದ ಸಂಖ್ಯೆ 440 ಮಾತ್ರ. 600 ದಾಟದೆ ಅದು ಬಾರಿಸುವುದೆಂತು? ಭಾನುವಾರ ರಾಯರು ಎರಡು ಲೋಟಗಳನ್ನು ತರಿಸಿದರು. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ಒಂದು ಚಿಟಿಕೆ ಉಪ್ಪು. ಉಪ್ಪಿನ ಲೋಟದಲ್ಲಿ ಚಮಚಗಳನ್ನಿಟ್ಟೊಡನೆ ಸಂಖ್ಯೆಯು ಮೇಲಕ್ಕೆ ಹಾರಿತು. ನೀರಿನಲ್ಲಿ ವಿದ್ಯುತ್ತನ್ನು ಸಾಗಿಸುವುದು ಅದರೊಳಗೆ ಕರಗಿರುವ ಲವಣಗಳು. ಟ್ಯಾಂಕರಿನಲ್ಲಿ ಬರುತ್ತಿದ್ದುದು ನೆಲದಾಳದ ಗಡಸು ನೀರು; ಲವಣ ಹೆಚ್ಚು. ಕಾವೇರಿಯದು ಹೊಳೆಯ ನೀರು, ಲವಣ ಕಡಿಮೆ. ಬರಗಾಲದ ನೀರಿಗೆ ಗೊತ್ತುಮಾಡಿದ ಗಂಟೆಯು ಒಳ್ಳೆಯ ನೀರು ಬಂದಾಗ ಮೂಕವಾಯಿತು! ತಾಯಿಯವರು ಇದನ್ನು ಕೇಳಿ, “ಬೇಳೆ ಬೇಯುವುದರಲ್ಲಿಯೇ ನನಗೆ ಗೊತ್ತಾಗಿತ್ತಲ್ಲ, ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ” ಎಂದರು. ಟ್ಯಾಂಕರಿನ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲವೆಂದು ಅವರು ಮಾರ್ಚಿಯಿಂದಲೂ ಹೇಳುತ್ತಿದ್ದುದು ನಿಜ. 600 ಇದ್ದಲ್ಲಿ 200 ಎಂದು ತಿದ್ದಿದೆವು.

ಮತ್ತೆ ಎರಡು ದಿನಗಳಲ್ಲಿ ಟ್ಯಾಂಕು ಚೆಲ್ಲಿತು. ಆ ಹೊತ್ತಿನಲ್ಲಿ ಗಂಟೆ ಬಾರಿಸಿದುದನ್ನು ಗೋಡೆಯಾಚೆಯ ಮನೆಯವರು ಕೇಳಿದ್ದರು. ಅಡಿಗೆಮನೆಯಲ್ಲಿಯೇ ಇದ್ದ ನಮ್ಮ ತಾಯಿಯವರು ಕೇಳಿರಲಿಲ್ಲ.

ಮಗಳು ಗಂಟೆಯ ಸ್ವರವನ್ನು 3000 ಎಂದು ಇಟ್ಟಿದ್ದಳು. ಪುಟ್ಟ ಸ್ಪೀಕರಿನಲ್ಲಿ ಕೀಚು ದನಿಯೇ ಗಟ್ಟಿಯಾಗಿ ಕೇಳುವುದೆಂದು. ರಾಯರು ಅವಳನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಆ ರಾತ್ರಿ ಅವಳು ಒಂದು ಹೊಸ ಪ್ರೋಗ್ರಾಮನ್ನು ಜೋಡಿಸಿದಳು: ಗುಂಡಿಯನ್ನು ಒತ್ತಿದಷ್ಟು ಸಲವೂ ಸ್ವರವು ಒಂದು ಮೆಟ್ಟಿಲು ಇಳಿಯುವಂತೆ. ಅಜ್ಜಿಯನ್ನು ಬೆನ್ನು ತಿರುಗಿಸಿ ಕೂಡಿಸಿ, “ಕೇಳಿಸಿದಾಗ ಕೈಯೆತ್ತಿ, ಆಟ ಇದು” ಎಂದಳು. 3000. ನಮ್ಮ ಕಿವಿಗೆ ಚುಚ್ಚುವಂತಿದ್ದಿತು, ಕೈ ಏಳಲಿಲ್ಲ. 2500, ಇಲ್ಲ. 2000, ಇಲ್ಲ. ಮನೆಯಾಕೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. 1500ರಲ್ಲಿ ಅವರು ಕೈಯನ್ನು ಅರ್ಧ ಎತ್ತಿ, ಸಂದೇಹಪಟ್ಟು, ಇಳಿಸಿದರು. 1000ಕ್ಕೆ ಎತ್ತಿದರು. ತಿರುಗಿ ನಮ್ಮ ಮುಖಗಳನ್ನು ನೋಡಿ, “ಯಾಕೆ, ತಪ್ಪಾಯಿತೇ?” ಎಂದು ಕೇಳಿದರು.

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನೇ ಎಂದು ಆಮೇಲೆ ಕಿವಿಯ ವೈದ್ಯರು ತಿಳಿಸಿದರು. ಇದು ಒಂದೆರಡು ತಿಂಗಳಿನದಲ್ಲ, ವರ್ಷಗಳಿಂದ ಬಂದುದು ಎಂದರು. ಹಾಗಾದರೆ ಮಾರ್ಚಿಯ ಆ ದಿನಗಳಲ್ಲಿ ಅವರು ಮೆಟ್ಟಿಲ ಮೇಲೆ ಕಿವಿಗೊಟ್ಟು ಕುಳಿತುದಲ್ಲ. ಕಿವಿ ಆಗದೆಂದು ಕಣ್ಣಿನಿಂದ ಕಾದುದು. ಆಡಿದ ಮಾತನ್ನು ನಾವು ಕುರಿತು ಹೇಳಲು ಹೋದಾಗ ಅವರು ಕೇಳಿಸದವರಂತೆ ಹೂಕಟ್ಟುತ್ತಲೇ ಇದ್ದರು. ಅಂದು ನಿಜವಾಗಿ ಕೇಳಿಸಲಿಲ್ಲವೋ, ಇಲ್ಲವೋ!

ಕಿವಿಯ ಯಂತ್ರವು ಬಂದಿದೆ. ಪೂಜೆಯ ವೇಳೆಯಲ್ಲಿ ಅದನ್ನು ತೆಗೆದು ಡಬ್ಬಿಯಲ್ಲಿಡುವರು; ಆದುದರಿಂದ ಗಂಟೆಯು ಈಗಲೂ ತಗ್ಗಿನ ಸ್ವರದಲ್ಲಿಯೇ ಇದೆ. ಆ ಸ್ವರವನ್ನು ಅವರೇ ಆರಿಸಿದರು. ಮೊಮ್ಮಗಳ ಪಕ್ಕದಲ್ಲಿ ಕುಳಿತು, 500ಕ್ಕೂ 400ಕ್ಕೂ ನಡುವೆ ನಾಲ್ಕು ಸಲ ಸಂಖ್ಯೆಯನ್ನು ಬದಲಾಯಿಸಿ, ಕೊನೆಗೆ 440ಕ್ಕೆ ಒಪ್ಪಿದರು. ಆರು ಚಮಚಗಳ ಜೊತೆಯಲ್ಲಿ ಎರಡು ಟ್ಯಾಂಕಿನೊಳಗೆ ಇರುವುದರಿಂದ, ಮನೆಗೆ ಐವರು ಅತಿಥಿಗಳು ಬಂದರೆ ಪಾಯಸಕ್ಕೆ ಏನು ಮಾಡುವುದೆಂದು ಮಾತ್ರ ಅವರು ಆಗಾಗ ಕೇಳುತ್ತಿರುವರು.