ಮೂರು ಅಂಕಿ, ಮೂರು ಪ್ರಶ್ನೆ

ಕಳೆದ ನವೆಂಬರ್‌ನಲ್ಲಿ, ದುರ್ಗಾಪೂಜೆ, ಕಾಳಿಪೂಜೆಯ ಸಿಹಿಗಳೆಲ್ಲ ಮುಗಿದ ಮೇಲೆ, ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನ ನಮ್ಮ ಆಫೀಸಿನಲ್ಲಿ ಹೆಲ್ತ್ ಚೆಕಪ್ ಇತ್ತು. ನಾಲ್ಕು ದಿನ ಮೊದಲೇ ನಾನು ಸಂದೇಶ್, ಮಿಷ್ಟಿ ದೊಯ್ ಬಿಟ್ಟು, ರಾತ್ರಿ ಎರಡೇ ಚಪಾತಿ ತಿಂದು ಮಲಗತೊಡಗಿದೆ.

ಈ ವಿದ್ಯೆ ಅಪ್ಪನಿಂದ ಬಂದದ್ದು. ದಾವಣಗೆರೆಯಲ್ಲಿ ಅವರು ರಕ್ತ ಕೊಡುವ ಹಿಂದಿನ ದಿನ ಅನ್ನ ಮುಟ್ಟುತ್ತಿರಲಿಲ್ಲ. ಮಾಡಿಸುತ್ತಿದ್ದದ್ದು ಖಾಲಿ ಹೊಟ್ಟೆಯ ಪರೀಕ್ಷೆ ಒಂದೇ. "ಕಂಟ್ರೋಲ್‌ನಲ್ಲಿದೆ" ಎಂದು ಚೀಟಿ ಮಡಚಿ ಜೇಬಿಗಿಡುತ್ತಿದ್ದರು. ಕಣ್ಣು ಮಂಜಾದಾಗ ಪೊರೆ ಇರಬೇಕು ಅಂದುಕೊಂಡೆವು. ಕೆಟ್ಟದ್ದು ರೆಟಿನಾ.

ನನ್ನ ರಿಪೋರ್ಟ್ ಬಂತು. ಫಾಸ್ಟಿಂಗ್ 118. ಊಟವಾಗಿ ಎರಡು ಗಂಟೆಗೆ 221. ಎಚ್‌ಬಿಎ1ಸಿ 7.4.

"118 ಪರವಾಗಿಲ್ಲ ಅಲ್ವಾ?" ಎಂದೆ ಡಾಕ್ಟರಿಗೆ. ಆಕೆ ನಕ್ಕು, ಮೂರನ್ನೂ ಬಿಡಿಸಿ ಹೇಳಿದರು. ಖಾಲಿ ಹೊಟ್ಟೆಯ ಅಂಕಿ, ರಾತ್ರಿಯಿಡೀ ಲಿವರ್ ಬಿಡುವ ಸಕ್ಕರೆಯನ್ನು ದೇಹ ಹೇಗೆ ಹಿಡಿತದಲ್ಲಿಟ್ಟಿದೆ ಎಂದು ಹೇಳುತ್ತದೆ. 100ರಿಂದ 125 ಗಡಿ, 126 ಮತ್ತು ಮೇಲೆ ಡಯಾಬಿಟೀಸ್. ಊಟದ ನಂತರದ್ದು, ತಿಂದದ್ದನ್ನು ದೇಹ ಎಷ್ಟು ಬೇಗ ಸಂಭಾಳಿಸುತ್ತದೆ ಎಂಬುದು. ಎಚ್‌ಬಿಎ1ಸಿ ಬೇರೆಯೇ ಲೆಕ್ಕ. ರಕ್ತದ ಸಕ್ಕರೆ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಅದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅಲ್ಲಿ 6.5 ಮತ್ತು ಮೇಲೆ ಡಯಾಬಿಟೀಸ್. ನನ್ನ 7.4 ಎಂದರೆ ಸರಾಸರಿ ಸುಮಾರು 166. ನಾಲ್ಕು ದಿನದ ಪಥ್ಯ ಅದನ್ನು ಅಲ್ಲಾಡಿಸುವುದಿಲ್ಲ.

ಡೆಮೋಗೆ ಮುಂಚೆ ಬಗ್ ಮುಚ್ಚಿಡುವ ಹುಡುಗರನ್ನು ಬೈಯುವವನು ನಾನೇ. ತಲೆ ತಗ್ಗಿಸಿ ಕೂತೆ.

"ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ ಇದೆಯಾ? ರಕ್ತಹೀನತೆ?" ಎಂದೂ ಕೇಳಿದರು. ಬಂಗಾಳದಲ್ಲಿ ಹಿಮೋಗ್ಲೋಬಿನ್-ಇ ಎಂಬ ಬೇರೆ ಬಗೆಯ ಹಿಮೋಗ್ಲೋಬಿನ್ ಇರುವವರು ಬಹಳ ಮಂದಿ. ಅಂಥವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದಂತೆ. ನಮ್ಮಲ್ಲಿ ಯಾರಿಗೂ ಇಲ್ಲ ಎಂದೆ. ಆದರೂ ಒಂದೇ ರಿಪೋರ್ಟ್ ನಂಬದೆ ಇನ್ನೊಮ್ಮೆ ಮಾಡಿಸಿದರು. 7.3. ಮಾತ್ರೆ ಶುರುವಾಯಿತು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ.

"ಅಪ್ಪಾ, ಈ ಸಲ ಹಿಂದಿನ ದಿನ ಮಾಮೂಲಿ ಊಟ ಮಾಡಿ. ಆಮೇಲೆ ಮೂರೂ ಟೆಸ್ಟ್ ಮಾಡಿಸಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಂದು ಎಷ್ಟು ಬಂತು?"

ಬಾಯಿಗೆ ಮೊದಲು ಬಂದದ್ದು 118. ನುಂಗಿಕೊಂಡೆ.

"7.4, ಅಪ್ಪಾ."